ಪತ್ರಕರ್ತರೊಡನೆ ಜಾಲತಾಣದ ನಂಟು: ಹನ್ನೆರಡು ಸೂತ್ರಗಳು

ಊರಿನ ಗ್ರಂಥಾಲಯಕ್ಕೆ ನೂರು ವರ್ಷ ತುಂಬುತ್ತದೆ. ಮಹಿಳಾ ಸಂಘದವರು ಸಿರಿಧಾನ್ಯದ ಘಟಕ ತೆರೆಯುತ್ತಾರೆ. ಕೆರೆಗೆ ಕೊಳಚೆ ನೀರು ನುಗ್ಗಿ ಮೀನು ಸಾಯುತ್ತವೆ. ಆಗ ಶುರುವಾಗುತ್ತದೆ ಹುಡುಕಾಟ: ‘ಪೇಪರಿನವರು ಯಾರಾದರೂ ಗೊತ್ತಾ? ಒಂದು ನಂಬರ್ ಕೊಡಿ.’ ಹೇಗೋ ನಂಬರ್ ಸಿಗುತ್ತದೆ. ಫೋನ್ ಮಾಡಿದರೆ ‘ವಾಟ್ಸ್‌ಆ್ಯಪ್ ಮಾಡಿ, ನೋಡ್ತೀನಿ’ ಎಂಬ ಉತ್ತರ ಬರುತ್ತದೆ. ಸುದ್ದಿ ಮಾತ್ರ ಬರುವುದಿಲ್ಲ. ಆ ವರದಿಗಾರರ ಫೋನಿನಲ್ಲಿ ಅದೇ ಹೊತ್ತಿಗೆ ಅಂಥ ಸಂದೇಶಗಳ ರಾಶಿಯೇ ಬಿದ್ದಿರುತ್ತದೆ. ನೀವು ಯಾರೆಂದು ಅವರಿಗೆ ಗೊತ್ತಿಲ್ಲ, ನೀವು ಹೇಳಿದ್ದು ನಿಜವೇ ಎಂದು ವಿಚಾರಿಸಲು ಆ ದಿನ ಪುರುಸೊತ್ತೂ ಇಲ್ಲ.

ಸುದ್ದಿ ಹುಟ್ಟುವ ಮೊದಲೇ ನೀವು ಅವರಿಗೆ ನಂಬಿಕಸ್ಥರಾಗಿ ಗೊತ್ತಿರಬೇಕು. ಹಿಂದೆ ಇದಕ್ಕೆ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಬೇಕಿತ್ತು, ಈಗ ಮನೆಯಲ್ಲೇ ಕೂತು ಆರಂಭಿಸಬಹುದು. ಪಿಆರ್ ಏಜೆನ್ಸಿಗೆ ಹಣ ಸುರಿಯಲಾಗದ ರಂಗತಂಡಗಳು, ಕೆರೆ ಸಮಿತಿಗಳು, ರೈತ ಉತ್ಪಾದಕರ ಕಂಪನಿಗಳು, ಸಣ್ಣ ಉದ್ಯಮಿಗಳು, ಸರ್ಕಾರಿ ಶಾಲೆಯ ಮೇಷ್ಟ್ರು, ಇವರಿಗಾಗಿ ಈ ಮಾತುಗಳು.

1. ಮೊದಲು ಓದಿ

ಪರಿಚಯ ಮಾಡಿಕೊಳ್ಳುವ ಆತುರ ಬೇಡ. ನಿಮ್ಮ ಕ್ಷೇತ್ರದ ಬಗ್ಗೆ ಯಾರು ಬರೆಯುತ್ತಿದ್ದಾರೆ ಎಂದು ತಿಂಗಳೊಪ್ಪತ್ತು ಗಮನಿಸಿ. ವರದಿಗಾರರಿಗೆ ಬೀಟ್ ಎಂಬುದಿರುತ್ತದೆ: ಒಬ್ಬರಿಗೆ ಶಿಕ್ಷಣ, ಇನ್ನೊಬ್ಬರಿಗೆ ಅಪರಾಧ, ಮತ್ತೊಬ್ಬರಿಗೆ ಪಾಲಿಕೆ. ಕ್ರೈಂ ವರದಿಗಾರರಿಗೆ ನಾಟಕೋತ್ಸವದ ಕರೆಯೋಲೆ ಕಳಿಸಿದರೆ ಇಬ್ಬರ ಸಮಯವೂ ವ್ಯರ್ಥ. ಕನ್ನಡ ಪತ್ರಿಕೆಗಳಲ್ಲಿ ಜಿಲ್ಲೆಯ ಎಷ್ಟೋ ಸುದ್ದಿಗಳು ‘ಪ್ರಜಾವಾಣಿ ವಾರ್ತೆ’, ‘ಕನ್ನಡಪ್ರಭ ವಾರ್ತೆ’ ಎಂಬ ಸಾಲಿನೊಂದಿಗೇ ಬರುತ್ತವೆ, ಬರೆದವರ ಹೆಸರಿರುವುದಿಲ್ಲ. ಹೆಸರು ಸಿಗುವುದು ವಿಶೇಷ ವರದಿ, ಸರಣಿ, ಪುರವಣಿ ಲೇಖನಗಳಲ್ಲಿ. ಆ ಹೆಸರನ್ನು ಬರೆದಿಟ್ಟುಕೊಳ್ಳಿ, ಜಾಲತಾಣದಲ್ಲಿ ಹುಡುಕಿ.

ಪಟ್ಟಿ ಉದ್ದ ಇರಬೇಕಿಲ್ಲ. ಐದಾರು ಜನ ಸಾಕು. ಅದರಲ್ಲಿ ಎಲ್ಲರೂ ವರದಿಗಾರರೇ ಆಗಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಪುರವಣಿ ನೋಡಿಕೊಳ್ಳುವ ಉಪಸಂಪಾದಕರು, ಛಾಯಾಗ್ರಾಹಕರು, ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳಿಗೆ ಬರೆಯುವ ಹವ್ಯಾಸಿ ಲೇಖಕರು, ಇವರನ್ನು ಮಾತಾಡಿಸುವವರು ಕಡಿಮೆ. ಸಾವಧಾನದ, ಬಾಳಿಕೆಯ ಬರಹ ಬರುವುದು ಹೆಚ್ಚಾಗಿ ಇವರಿಂದಲೇ.

2. ಯಾರು ಎಲ್ಲಿ ಸಿಗುತ್ತಾರೆ ತಿಳಿಯಿರಿ

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳವರು, ರಾಜಕೀಯ ಮತ್ತು ನಗರದ ವರದಿಗಾರರು ಎಕ್ಸ್‌ನಲ್ಲಿ ಚುರುಕಾಗಿರುತ್ತಾರೆ. ಉದ್ಯಮ, ನವೋದ್ಯಮದ ಬಗ್ಗೆ ಬರೆಯುವವರು ಲಿಂಕ್ಡ್‌ಇನ್ ನೋಡುತ್ತಾರೆ. ಕನ್ನಡದ ಸಾಹಿತ್ಯ, ರಂಗಭೂಮಿ, ಕೃಷಿ ಬರಹಗಾರರ ಹರಟೆಕಟ್ಟೆ ಇನ್ನೂ ಫೇಸ್‌ಬುಕ್ಕೇ. ಜಿಲ್ಲೆ, ತಾಲ್ಲೂಕುಗಳಲ್ಲಿ ಎಲ್ಲವೂ ವಾಟ್ಸ್‌ಆ್ಯಪ್.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರ ಸಂದೇಶ ನೇರ ಇನ್‌ಬಾಕ್ಸಿಗೆ ಹೋಗುವುದಿಲ್ಲ, ‘ರಿಕ್ವೆಸ್ಟ್’ ಎಂಬ ಪಕ್ಕದ ಕೋಣೆಯಲ್ಲಿ ಬಿದ್ದಿರುತ್ತದೆ. ತಿಂಗಳಾದರೂ ಉತ್ತರ ಬರದಿದ್ದರೆ ಅದು ತಿರಸ್ಕಾರ ಎಂದುಕೊಳ್ಳಬೇಡಿ, ಅವರು ನೋಡಿಯೇ ಇರಲಿಕ್ಕಿಲ್ಲ. ನೀಲಿ ಟಿಕ್ ನೋಡಿ ಮೋಸಹೋಗಬೇಡಿ ಕೂಡ. ಟ್ವಿಟರ್ (ಈಗಿನ ಎಕ್ಸ್) 2023ರ ಏಪ್ರಿಲ್‌ನಲ್ಲಿ ಹಳೆಯ ದೃಢೀಕರಣದ ಟಿಕ್‌ಗಳನ್ನು ತೆಗೆದುಹಾಕಿತು. ಅಲ್ಲಿಂದೀಚೆಗೆ ಹಣ ಕಟ್ಟಿದವರಿಗೆ ಟಿಕ್ ಸಿಗುತ್ತದೆ. ‘ನಾನು ಇಂಥ ಚಾನೆಲ್ಲಿನವನು, ದಾಖಲೆ ಕಳಿಸಿ’ ಎಂದು ಯಾರಾದರೂ ಕೇಳಿದರೆ ಆ ಸಂಸ್ಥೆಯ ಕಚೇರಿಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

3. ನಿಮ್ಮ ಗೋಡೆಯನ್ನು ಗುಡಿಸಿ ಇಟ್ಟುಕೊಳ್ಳಿ

ನಿಮ್ಮಿಂದ ಸಂದೇಶ ಬಂದ ಕೂಡಲೇ ಪತ್ರಕರ್ತರು ನಿಮ್ಮ ಖಾತೆ ತೆರೆದು ನೋಡುತ್ತಾರೆ. ಅಲ್ಲಿ ನಿಮ್ಮ ಹೆಸರು, ಊರು, ಮಾಡುವ ಕೆಲಸ ಸ್ಪಷ್ಟವಾಗಿರಲಿ. ಹೂವಿನ ಚಿತ್ರ, ಅಡ್ಡಹೆಸರು ಇರುವ ಖಾತೆಯಿಂದ ಗಂಭೀರ ಮಾಹಿತಿ ಬಂದರೆ ಯಾರು ನಂಬಿಯಾರು? ಅದಕ್ಕಿಂತ ಮುಖ್ಯವಾದದ್ದು, ಪರಿಶೀಲಿಸದ ಫಾರ್ವರ್ಡ್‌ಗಳನ್ನು ಹಂಚುವ ಚಟ ಬಿಡಿ. ಸುಳ್ಳು ಹರಡುವಿಕೆಗೆ ಕಡಿವಾಣ ಹಾಕಲೆಂದೇ ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು. ಬೆಳಿಗ್ಗೆ ಸುಳ್ಳು ವಿಡಿಯೊ ಹಂಚಿದವರು ಮಧ್ಯಾಹ್ನ ಕಳಿಸಿದ ಪ್ರೆಸ್ ನೋಟ್ ನಿಜವೇ ಇದ್ದರೂ ಅದಕ್ಕೆ ಬೆಲೆ ಇರುವುದಿಲ್ಲ.

4. ಕೇಳುವ ಮೊದಲು ಕೊಡಿ

ಇಡೀ ಪಟ್ಟಿಯಲ್ಲಿ ಇದೇ ದೊಡ್ಡದು. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಪತ್ರಕರ್ತರಿಗೆ ಬೇಕಾದದ್ದು ಲೈಕ್ ಅಲ್ಲ, ‘ಸೂಪರ್ ಸರ್’ ಎಂಬ ಪ್ರತಿಕ್ರಿಯೆಯೂ ಅಲ್ಲ. ಬರಗಾಲದ ಬಗ್ಗೆ ವರದಿ ಬರೆದವರಿಗೆ ‘ನಮ್ಮ ಹೋಬಳಿಯಲ್ಲಿ ಕೊಳವೆಬಾವಿ ಕೊರೆಯುವ ಲಾರಿಗಳು ರಾತ್ರಿಯಿಡೀ ಓಡಾಡುತ್ತಿವೆ, ಎರಡು ಊರಿನವರು ಮಾತಾಡಲು ಸಿದ್ಧರಿದ್ದಾರೆ’ ಎಂದು ನೀವು ಬರೆದರೆ ಅದು ಉಪಕಾರ. ವರದಿಯಲ್ಲಿ ಒಂದು ಅಂಶ ಬಿಟ್ಟುಹೋಗಿದ್ದರೆ ಸೌಜನ್ಯದಿಂದ ಸೇರಿಸಿ. ಪ್ರಾಧ್ಯಾಪಕರಾಗಿದ್ದರೆ ಬಜೆಟ್ ದಿನ ನಿಮ್ಮ ವಿಷಯದ ಬಗ್ಗೆ ನಾಲ್ಕು ಸಾಲು ತಿಳಿಗನ್ನಡದಲ್ಲಿ ಬರೆದು ನಿಮ್ಮ ಗೋಡೆಗೆ ಹಾಕಿ. ‘ಈ ವಿಷಯ ಗೊತ್ತಿರುವವರು ಇಲ್ಲಿದ್ದಾರೆ’ ಎಂದು ಯಾರಾದರೂ ಗುರುತಿಟ್ಟುಕೊಳ್ಳುತ್ತಾರೆ.

ಪತ್ರಕರ್ತರೇ ಸಹಾಯ ಕೇಳುವುದೂ ಉಂಟು. ಅಮೆರಿಕದಲ್ಲಿ ಪೀಟರ್ ಶ್ಯಾಂಕ್‌ಮನ್ 2008ರಲ್ಲಿ ಆರಂಭಿಸಿದ ‘ಹೆಲ್ಪ್ ಎ ರಿಪೋರ್ಟರ್ ಔಟ್’ ಹುಟ್ಟಿದ್ದು ಒಂದು ಫೇಸ್‌ಬುಕ್ ಗುಂಪಾಗಿ. ವರದಿಗಾರರ ಪ್ರಶ್ನೆಯನ್ನು ಬಲ್ಲವರಿಗೆ ತಲುಪಿಸುವುದೇ ಅದರ ಕೆಲಸವಾಗಿತ್ತು. ಬ್ರಿಟನ್ನಿನಲ್ಲಿ #ಜರ್ನೊರಿಕ್ವೆಸ್ಟ್ ಎಂಬ ಹ್ಯಾಷ್‌ಟ್ಯಾಗ್ ಇದೇ ಕೆಲಸಕ್ಕೆ ಬಳಕೆಯಾಗುತ್ತದೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲದಿದ್ದರೂ ‘ಡಿಜಿಟಲ್ ಅರೆಸ್ಟ್ ವಂಚನೆಗೆ ಒಳಗಾದವರು ಪರಿಚಯದಲ್ಲಿದ್ದರೆ ತಿಳಿಸಿ’ ಎಂಬಂಥ ಪೋಸ್ಟ್‌ಗಳನ್ನು ವರದಿಗಾರರು ಹಾಕುತ್ತಾರೆ. ತಕ್ಷಣ ಉತ್ತರಿಸಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಸಂಪರ್ಕ ಕಲ್ಪಿಸಿ. ಆ ಸುದ್ದಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಬರಬೇಕೆಂದು ಬಯಸಲೂ ಬೇಡಿ. ಕಷ್ಟಕ್ಕೆ ಒದಗಿದವರು ಎಂಬ ನೆನಪು ಮಾತ್ರ ಉಳಿಯುತ್ತದೆ.

5. ಮೊದಲ ಸಂದೇಶ ಐದು ಸಾಲು ಮೀರದಿರಲಿ

ಬರೀ ‘ಹಾಯ್’ ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. ಗುಡ್ ಮಾರ್ನಿಂಗ್ ಚಿತ್ರವಂತೂ ಬೇಡವೇ ಬೇಡ. ಹೀಗೆ ಬರೆಯಬಹುದು:

‘ನಮಸ್ಕಾರ ಮೇಡಂ. ಸರ್ಕಾರಿ ಶಾಲೆಗಳ ಶೌಚಾಲಯದ ಬಗ್ಗೆ ನೀವು ಕಳೆದ ವಾರ ಬರೆದ ವರದಿ ಓದಿದೆ. ನಾನು ನಮ್ಮೂರಿನ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆ. ಹಳೆಯ ವಿದ್ಯಾರ್ಥಿಗಳು ಸೇರಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಕಟ್ಟಿಸಿದ್ದೇವೆ, ಖರ್ಚಿನ ಲೆಕ್ಕ ಮತ್ತು ಫೋಟೊ ಇವೆ. ನಿಮಗೆ ಉಪಯೋಗವಾಗುವುದಾದರೆ ಕಳಿಸುತ್ತೇನೆ. ಬಿಡುವಾದಾಗ ತಿಳಿಸಿ.’

ಯಾರು, ಏನು, ಏಕೆ ಇವರಿಗೇ, ಎಲ್ಲವೂ ಇದರಲ್ಲಿದೆ. ‘ದಯವಿಟ್ಟು ಪ್ರಕಟಿಸಿ’ ಎಂಬ ಗೋಗರೆತ ಇಲ್ಲ. ಒಪ್ಪಿಗೆ ಪಡೆಯದೆ ಅವರನ್ನು ನಿಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬೇಡಿ. ಒಂದೇ ಪೋಸ್ಟಿಗೆ ಇಪ್ಪತ್ತು ಪತ್ರಕರ್ತರನ್ನು ಟ್ಯಾಗ್ ಮಾಡಬೇಡಿ, ಇಪ್ಪತ್ತು ಜನರನ್ನು ಕರೆದರೆ ಯಾರೂ ತನ್ನನ್ನೇ ಕರೆದರೆಂದು ತಿಳಿಯುವುದಿಲ್ಲ. ಉತ್ತರ ಬರದಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿಸಿ, ಸಾಕು.

6. ಗಡಿಯಾರ ನೋಡಿ

ಬೆಳಗಿನ ದಿನಪತ್ರಿಕೆಯಲ್ಲಿ ಸಂಜೆಯ ಹೊತ್ತು ಒತ್ತಡದ್ದು. ವರದಿ ಬರೆದು ಕಳಿಸುವುದು, ಪುಟ ಕಟ್ಟುವುದು ಆಗಲೇ. ದೂರದ ಜಿಲ್ಲೆಗಳಿಗೆ ಹೋಗುವ ಆವೃತ್ತಿ ಮೊದಲು ಮುಗಿಯಬೇಕು, ನಗರದ ಆವೃತ್ತಿ ಕೊನೆಗೆ. ಹಾಗಾಗಿ ತುರ್ತಲ್ಲದ ಮಾತಿಗೆ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರ ಒಳಗೆ ಪ್ರಯತ್ನಿಸಿ. ಕಾರ್ಯಕ್ರಮದ ಸುದ್ದಿಯನ್ನು ಅದೇ ದಿನ ಸಂಜೆ ಐದರೊಳಗೆ ತಲುಪಿಸಿ. ಮರುದಿನ ಕಳಿಸಿದ್ದು ಹಳೆಯ ಸುದ್ದಿ. ಪುರವಣಿಗಳ ಪುಟಗಳು ದಿನಗಳ ಮೊದಲೇ ಸಿದ್ಧವಾಗುತ್ತವೆ, ಯುಗಾದಿಯ ಲೇಖನಕ್ಕೆ ಯುಗಾದಿಯ ಹಿಂದಿನ ದಿನ ಕೇಳಿ ಪ್ರಯೋಜನವಿಲ್ಲ.

7. ದಾಖಲೆ ಜೊತೆಗಿರಲಿ

2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂದಾಗ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಊರೆಲ್ಲ ಹರಡಿತು. ಆ ವರ್ಷ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕೇವಲ ಆಕ್ರೋಶದ ಪೋಸ್ಟ್‌ಗಳಿಂದ ಇದಾಯಿತು ಎಂದು ನಾನು ನಂಬುವುದಿಲ್ಲ. ಸುಮಾರು 6.7 ಕಿಲೊಮೀಟರ್ ಉದ್ದ, ಅಂದಾಜು ₹1,791 ಕೋಟಿ ವೆಚ್ಚ, ಕಡಿಯಬೇಕಾದ 812 ಮರಗಳು: ಹೀಗೆ ಎಣಿಸಿ ತೋರಿಸಬಲ್ಲ ಅಂಕಿಗಳು ಚರ್ಚೆಯ ನಡುವೆ ಇದ್ದವು. ವರದಿಗಾರರು ಅವನ್ನು ಅಧಿಕಾರಿಗಳ ಮುಂದಿಟ್ಟು ಪ್ರಶ್ನೆ ಕೇಳಬಹುದಿತ್ತು. ‘ಪರಿಸರ ನಾಶವಾಗುತ್ತಿದೆ’ ಎಂಬ ಕೂಗಿನಿಂದ ತಲೆಬರಹ ಹುಟ್ಟುವುದಿಲ್ಲ, ‘812 ಮರ’ದಿಂದ ಹುಟ್ಟುತ್ತದೆ.

ನಿಮ್ಮ ಊರಿನ ವಿಷಯವೂ ಅಷ್ಟೇ. ‘ರಸ್ತೆ ಹದಗೆಟ್ಟಿದೆ’ ಎಂದು ಬರೆಯುವ ಬದಲು ಎಲ್ಲಿಂದ ಎಲ್ಲಿಗೆ, ಯಾವ ವರ್ಷದ ಕಾಮಗಾರಿ, ಗುತ್ತಿಗೆ ಎಷ್ಟರದ್ದು ಎಂದು ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದೇ ಅದಕ್ಕೆ. ಅರ್ಜಿಗೆ ಬಂದ ಉತ್ತರದ ಪ್ರತಿಯನ್ನು ಪೂರ್ತಿ ಕೊಡಿ, ನಿಮಗೆ ಅನುಕೂಲವಾದ ಪುಟವನ್ನಷ್ಟೇ ಕೊಡಬೇಡಿ. ನಿಮ್ಮ ವಾದಕ್ಕೆ ವಿರುದ್ಧವಾದ ಅಂಶವಿದ್ದರೆ ನೀವೇ ಮೊದಲು ಹೇಳಿ. ಒಮ್ಮೆ ಹಾಗೆ ಹೇಳಿದವರ ಮಾತನ್ನು ವರದಿಗಾರರು ವರ್ಷಗಟ್ಟಲೆ ನಂಬುತ್ತಾರೆ.

8. ಅಕ್ಷರ, ಫೋಟೊ ಸರಿಯಾಗಿರಲಿ

ಪ್ರೆಸ್ ನೋಟನ್ನು ಯೂನಿಕೋಡ್ ಕನ್ನಡದಲ್ಲಿ, ನಕಲು ಮಾಡಿಕೊಳ್ಳಬಹುದಾದ ಪಠ್ಯವಾಗಿ ಕಳಿಸಿ. ಲೆಟರ್‌ಹೆಡ್ಡಿನ ಫೋಟೊ ಕಳಿಸಿದರೆ ಅದನ್ನು ಯಾರೋ ಮತ್ತೆ ಟೈಪ್ ಮಾಡಬೇಕು. ‘ನುಡಿ’, ‘ಬರಹ’ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗಿ ಮುದ್ರಣಕ್ಕೆ ಬಾರದಂತಾಗುತ್ತದೆ. ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಿರಿ. ಇನಿಷಿಯಲ್, ಊರು, ಹುದ್ದೆ ಎರಡೆರಡು ಸಲ ನೋಡಿ. ವೇದಿಕೆಯಲ್ಲಿ ಶಾಲು ಹೊದ್ದು ಸಾಲಾಗಿ ನಿಂತ ಚಿತ್ರಕ್ಕಿಂತ ಕೆಲಸ ಮಾಡುತ್ತಿರುವ ಕೈಗಳ ಚಿತ್ರ ಪುಟ ಸೇರುವ ಸಂಭವ ಹೆಚ್ಚು.

9. ಮಹಿಳಾ ಪತ್ರಕರ್ತರ ವಿಷಯದಲ್ಲಿ ವಿಶೇಷ ಎಚ್ಚರ

ಯುನೆಸ್ಕೊ ಮತ್ತು ಪತ್ರಕರ್ತರ ಅಂತರರಾಷ್ಟ್ರೀಯ ಕೇಂದ್ರ (ಐಸಿಎಫ್‌ಜೆ) 2020ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ ಪಾಲ್ಗೊಂಡ ಮಹಿಳಾ ಪತ್ರಕರ್ತರಲ್ಲಿ ಶೇ 73 ಮಂದಿ ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಿಮ್ಮ ಸದುದ್ದೇಶದ ಸಂದೇಶವೂ ಆ ಕೊಳಕಿನ ನಡುವೆಯೇ ಅವರನ್ನು ತಲುಪುತ್ತದೆ ಎಂಬುದು ನೆನಪಿರಲಿ. ರಾತ್ರಿ ಹತ್ತರ ನಂತರ ಸಂದೇಶ ಬೇಡ. ಅವರ ಪ್ರೊಫೈಲ್ ಚಿತ್ರದ ಬಗ್ಗೆ, ಉಡುಪಿನ ಬಗ್ಗೆ, ಮನೆಯವರ ಬಗ್ಗೆ ಮಾತು ಬೇಡ. ಕೇಳದೆ ವಿಡಿಯೊ ಕರೆ ಮಾಡಲೇಬೇಡಿ. ಅವರ ನಂಬರನ್ನು ‘ಇವರಿಗೆ ಫೋನ್ ಮಾಡಿ’ ಎಂದು ಗುಂಪುಗಳಲ್ಲಿ ಹಂಚುವುದು ಅವರನ್ನು ಅಪಾಯಕ್ಕೆ ತಳ್ಳುವ ಕೆಲಸ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನೀವು ಕೊಟ್ಟ ಮಾಹಿತಿಯ ಮೇಲೆ ಬರೆದದ್ದಕ್ಕೇ ಯಾರನ್ನಾದರೂ ಟ್ರೋಲ್ ಮಾಡುತ್ತಿದ್ದರೆ ಸುಮ್ಮನಿರಬೇಡಿ. ‘ಈ ದಾಖಲೆ ಕೊಟ್ಟದ್ದು ನಾವು, ವರದಿಯಲ್ಲಿರುವುದು ನಿಜ’ ಎಂದು ನಿಮ್ಮ ಹೆಸರಿನಲ್ಲೇ ಬರೆಯಿರಿ. ಅಷ್ಟು ಧೈರ್ಯ ತೋರಿಸುವವರು ಕಡಿಮೆ. ಪತ್ರಕರ್ತರು ಅದನ್ನು ಎಂದೂ ಮರೆಯುವುದಿಲ್ಲ.

10. ಬರೆಯಬಹುದಾದದ್ದು, ಬರೆಯಬಾರದ್ದು ಮೊದಲೇ ಹೇಳಿ

ಎಲ್ಲ ಹೇಳಿ ಮುಗಿಸಿದ ಮೇಲೆ ‘ಇದೆಲ್ಲ ಆಫ್ ದಿ ರೆಕಾರ್ಡ್’ ಎಂದರೆ ಆಗುವುದಿಲ್ಲ. ಮಾತಿಗೆ ಮುಂಚೆಯೇ ಹೇಳಿ, ಅವರು ‘ಸರಿ’ ಎಂದ ಮೇಲೆ ಮುಂದುವರಿಯಿರಿ. ಚಾಟ್‌ನಲ್ಲಿ ಟೈಪ್ ಮಾಡಿದ ಪ್ರತಿ ಸಾಲೂ ಉಲ್ಲೇಖವಾಗಬಹುದು ಎಂದುಕೊಂಡೇ ಬರೆಯಿರಿ. ಅವರೊಡನೆ ನಡೆದ ಖಾಸಗಿ ಮಾತಿನ ಸ್ಕ್ರೀನ್‌ಶಾಟ್ ಎಲ್ಲೂ ಹಾಕಬೇಡಿ. ಒಬ್ಬರಿಗೆ ‘ನಿಮಗೆ ಮಾತ್ರ’ ಎಂದು ಕೊಟ್ಟ ಸುದ್ದಿಯನ್ನು ಅದೇ ಸಂಜೆ ಜಿಲ್ಲಾ ಗುಂಪಿಗೆ ಹಾಕಿದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು.

11. ಉಡುಗೊರೆ ಬೇಡ, ಜಾಹೀರಾತಿನ ಮಾತೂ ಬೇಡ

ಪ್ರೆಸ್‌ಮೀಟಿನಲ್ಲಿ ಕವರ್ ಹಂಚುವ ಕೆಟ್ಟ ರೂಢಿ ಕೆಲವೆಡೆ ಇದೆ. ನೀವು ಅದಕ್ಕೆ ಕೈ ಜೋಡಿಸಬೇಡಿ. ಹಬ್ಬದ ಉಡುಗೊರೆ, ಫೋನ್‌ಪೇ ಮೂಲಕ ‘ಪೆಟ್ರೋಲ್ ಖರ್ಚು’, ಯಾವುದೂ ಬೇಡ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ಸೂತ್ರಗಳು ಪತ್ರಕರ್ತರು ಉಡುಗೊರೆ ಪಡೆಯುವುದನ್ನು ಒಪ್ಪುವುದಿಲ್ಲ. 2009ರ ಲೋಕಸಭಾ ಚುನಾವಣೆಯ ಕಾಲದ ಕಾಸಿಗಾಗಿ ಸುದ್ದಿಯ ಬಗ್ಗೆ ಮಂಡಳಿಯ ಉಪಸಮಿತಿ 2010ರಲ್ಲಿ ವರದಿಯನ್ನೇ ಕೊಟ್ಟಿತು. ದುಡ್ಡು ಕೊಟ್ಟು ಬರೆಸಿದ್ದು ಊರಿಗೆಲ್ಲ ಗೊತ್ತಾಗುತ್ತದೆ, ಮುಂದೆ ನಿಮ್ಮ ನಿಜವಾದ ಸಾಧನೆಯನ್ನೂ ಜನ ಅನುಮಾನಿಸುತ್ತಾರೆ. ಜಾಹೀರಾತು ಕೊಡುವುದಿದ್ದರೆ ಆ ವಿಭಾಗದವರೊಡನೆ ಬೇರೆಯಾಗಿ ಮಾತಾಡಿ.

ಸುದ್ದಿಯಲ್ಲಿ ತಪ್ಪಾದಾಗ ಕೂಡಲೇ ಫೇಸ್‌ಬುಕ್‌ನಲ್ಲಿ ಹರಿಹಾಯಬೇಡಿ. ಮೊದಲು ವರದಿಗಾರರಿಗೆ ಖಾಸಗಿಯಾಗಿ, ದಾಖಲೆ ಸಮೇತ ಹೇಳಿ. ಪ್ರಾಮಾಣಿಕರು ತಿದ್ದುತ್ತಾರೆ. ಆಗದಿದ್ದರೆ ಸಂಪಾದಕರಿಗೆ ಬರೆಯಿರಿ. ಮಾನಕ್ಕೆ ಧಕ್ಕೆ ತರುವಂಥ ಗಂಭೀರ ತಪ್ಪಾಗಿದ್ದು ಸಂಪಾದಕರೂ ಕಿವಿಗೊಡದಿದ್ದರೆ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆ, ವಾರಪತ್ರಿಕೆಗಳ ವಿರುದ್ಧದ ದೂರನ್ನು ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ಮಂಡಳಿಯ ವ್ಯಾಪ್ತಿ ಮುದ್ರಣ ಮಾಧ್ಯಮಕ್ಕೆ ಮಾತ್ರ, ಟಿವಿ ಚಾನೆಲ್‌ಗಳಿಗಲ್ಲ. ತಲೆಬರಹ ಹಿಡಿಸಲಿಲ್ಲ ಎಂದು ವರದಿಗಾರರ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ, ತಲೆಬರಹ ಕೊಡುವುದು ಸಾಮಾನ್ಯವಾಗಿ ಡೆಸ್ಕಿನವರು.

12. ನಿಮ್ಮ ತಾಲ್ಲೂಕಿನ ವರದಿಗಾರರನ್ನು ಮರೆಯಬೇಡಿ

ಎಲ್ಲರ ಕಣ್ಣು ಬೆಂಗಳೂರಿನ ಹೆಸರಾಂತ ನಿರೂಪಕರ ಮೇಲೆ. ಲಕ್ಷಾಂತರ ಫಾಲೋವರ್‌ಗಳಿರುವ ಅವರು ನಿಮ್ಮ ಸಂದೇಶ ನೋಡುವ ಸಂಭವ ತೀರಾ ಕಡಿಮೆ. ನಿಮ್ಮ ಊರಿನ ಕೆರೆ, ಶಾಲೆ, ಸಂತೆ, ಜಾತ್ರೆ ಎಲ್ಲವನ್ನೂ ಬಲ್ಲವರು ತಾಲ್ಲೂಕಿನ ಅರೆಕಾಲಿಕ ವರದಿಗಾರರು. ಪತ್ರಿಕೆಯಿಂದ ಸಿಗುವ ಸಣ್ಣ ಗೌರವಧನದಲ್ಲಿ ಸಂಸಾರ ನಡೆಯದೆ ಪೇಪರ್ ಏಜೆನ್ಸಿಯನ್ನೋ ಜೆರಾಕ್ಸ್ ಅಂಗಡಿಯನ್ನೋ ನಡೆಸುತ್ತಾ, ಸ್ವಂತ ಬೈಕಿನಲ್ಲಿ ಊರೂರು ಸುತ್ತಿ ಸುದ್ದಿ ತರುವವರು ಅವರಲ್ಲಿ ಎಷ್ಟೋ ಮಂದಿ. ಮರಳು ದಂಧೆಯ ಬಗ್ಗೆ ಬರೆದರೆ ಮರುದಿನ ಅದೇ ರಸ್ತೆಯಲ್ಲಿ ಓಡಾಡಬೇಕಾದವರೂ ಅವರೇ. ರಾಜ್ಯಮಟ್ಟದಲ್ಲಿ ಸದ್ದು ಮಾಡಿದ ಎಷ್ಟೋ ಸುದ್ದಿಗಳ ಮೊದಲ ಎಳೆ ಇಂಥವರ ಕೈಯಿಂದಲೇ ಹೊರಟಿರುತ್ತದೆ.

ಅವರ ವರದಿಯನ್ನು ಹಂಚುವಾಗ ಹೆಸರು ಹಾಕಿ. ಇ-ಪೇಪರಿನ ಪೂರ್ತಿ ಪಿಡಿಎಫ್ ಅನ್ನು ಗುಂಪುಗಳಿಗೆ ಎಸೆಯುವ ಬದಲು ಲಿಂಕ್ ಕಳಿಸಿ, ಆ ಪತ್ರಿಕೆಗೆ ಚಂದಾ ಕಟ್ಟಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಆರಂಭಿಸಿದ ನೆನಪಿಗೆ ಜುಲೈ 1ರಂದು ಪತ್ರಿಕಾ ದಿನ ಆಚರಿಸುತ್ತೇವಲ್ಲ, ಆ ದಿನ ಎಲ್ಲರೂ ಕಳಿಸುವ ಶುಭಾಶಯದ ಚಿತ್ರ ಕಳಿಸಬೇಡಿ. ಆ ವರ್ಷ ಅವರು ಬರೆದ ಒಂದು ವರದಿಯಿಂದ ಊರಿಗೆ ಏನು ಒಳ್ಳೆಯದಾಯಿತೆಂದು ಎರಡು ಸಾಲು ಬರೆದು ಕಳಿಸಿ. ಅದಕ್ಕೂ ಮೊದಲು, ಈ ವಾರವೇ, ನಿಮ್ಮ ತಾಲ್ಲೂಕಿನಿಂದ ಬರೆಯುವವರು ಯಾರೆಂದು ಪತ್ತೆ ಮಾಡಿ, ಅವರ ಇತ್ತೀಚಿನ ಒಂದು ವರದಿಯನ್ನು ಪೂರ್ತಿ ಓದಿ.